ಮೂರನೇ ನಳಿಗೆ

ಇಲ್ಲ ಇಲ್ಲ, ಕೂರಲ್ಲ ಕಣೋ. ನಿಂತೇ ಇರ್ತೀನಿ. ಕೂತ್ರೆ ಮಂಡಿ ಹಿಡ್ಕೊಳತ್ತೆ ಅಂತ ನಿಂಗೆ ಗೊತ್ತಲ್ಲ... ನೀನು ನಿನ್ನ ಪಾಡಿಗೆ ಕೆಲ್ಸ ಮಾಡ್ಕೋ ಸೆವೆರಿನ್. ಅರ ಉಜ್ಜು, ಎಣ್ಣೆ ಹಾಕು, ಏನಾದ್ರೂ ಮಾಡು. ನಾನು ಎರಡು ಮಾತಾಡಿ ಹೊರಟೆ. ಈ ಕೇಕು ಎಲ್ಲಿಡ್ಲಿ? ನಮ್ಮನೆ ಹೆರ್ಮಿನೆ ಕೊಟ್ಟು ಕಳಿಸಿದ್ಳು. ಗಸಗಸೆ ಕೇಕು, ನಿಂಗಿಷ್ಟ ಅಂತ. ಇಲ್ಲಿಡ್ಲಾ? ಅಯ್ಯೋ, ಇಲ್ಲೆಲ್ಲ ಕಬ್ಬಿಣದ ಪುಡಿ. ಸರಿ, ಕಿಟಕಿ ಹತ್ರ ಇಡ್ತೀನಿ. ಒಂದು ಚೂರು ಬಾಯಿಗೆ ಹಾಕ್ಕೋಬಾರ್ದಾ? ಬೇಡ್ವಾ... ಆಮೇಲೆ ತಿನ್ನು. ಕೆಟ್ಟುಹೋಗೋದೇನಲ್ಲ.

ರೊಮಾನಾ ಮನೇಲಿದಾಳಾ? ಹಾಂ, ಒಳಗೆ ಪಾತ್ರೆ ಸದ್ದಾಗ್ತಿದೆ, ಅವಳೇ ಇರ್ಬೇಕು. ಏ, ಕರೀಬೇಡ! ಬೇಡ ಬೇಡ, ಕೂತ್ಕೋ. ಸುಮ್ನೆ ಕೇಳ್ದೆ. ಮಗಳ ಹತ್ರ ಅಲ್ಲ, ಅಪ್ಪನ ಹತ್ರ ಮಾತಾಡೋಕೆ ಬಂದಿದ್ದು ನಾನು. ಆ ಬಾಗಿಲು ಸ್ವಲ್ಪ ಮುಂದೆ ಮಾಡ್ಲಾ? ಗಾಳಿ ಬರ್ತಿದೆ.

ಯಾಕೋ ಹಾಗೆ ನೋಡ್ತೀಯ? ಕೋವಿ ತಂದಿದೀನಿ ಅಂತಲಾ? ಕೋವಿ ರಿಪೇರಿ ಮಾಡೋನ ಅಂಗಡಿಗೆ ಕೋವಿ ತರ್ದೆ ಹಸು ತರ್ಲಾ? ...ನಗ್ಲಿಲ್ಲ. ಸರಿ ಬಿಡು. ನಗೋ ದಿನ ಅಲ್ಲ, ನಂಗೂ ಗೊತ್ತು. ಮಿರ್ಲಿ ಸತ್ತು ಇವತ್ತಿಗೆ ಹನ್ನೆರಡು ದಿನ. ನೋಡು, ನಾನೂ ಎಣಿಸ್ತಾ ಇದೀನಿ. ಅದು ನಿನ್ನ ನಾಯಿ, ಒಪ್ಕೋತೀನಿ, ಆದ್ರೆ ಬೇಟೆ ಸಂಘದಲ್ಲಿ ಎಲ್ರಿಗೂ ಸಲಿಗೆ ಆಗಿತ್ತು. ಅಷ್ಟುದ್ದ ಮೈ, ಇಷ್ಟೇ ಇಷ್ಟು ಕಾಲು! ಆ ಮೋಟುಗಾಲಲ್ಲಿ ನರಿ ಬಿಲದೊಳಗೆ ನುಗ್ಗಿ, ನರಿನೇ ಹೊರಗೋಡೋ ಹಾಗೆ ಬೈತಿತ್ತಲ್ಲ ಮುಂಡೇದು... ನನ್ನ ಬುತ್ತಿ ಚೀಲದಿಂದ ಎಷ್ಟು ಸಲ ಹಂದಿಮಾಂಸ ಕದ್ದು ತಿಂದಿತ್ತು. ಒಂದು ದಿನಾನೂ ಹೊಡೀಲಿಲ್ಲ ಕಣೋ ನಾನು. ಒಂದು ದಿನಾನೂ.

ಹೊಡೀಲಿಲ್ಲ ಅಂದ್ರೆ... ಥೂ, ಬಾಯಿಗೆ ಏನು ಬರತ್ತೋ.

ನೀನಾದ್ರೂ ಒಂದು ಮಾತಾಡೋ. ಶಾಲೇಲೂ ಹೀಗೇ ಇದ್ದೆ. ಒಂದೇ ಬೆಂಚಲ್ಲಿ ಎಂಟು ವರ್ಷ, ಮೇಷ್ಟ್ರು ಕೇಳಿದ್ದಕ್ಕೆಲ್ಲ ನಾನು ಉತ್ತರ ಹೇಳೋದು, ತಪ್ಪಾದ್ರೆ ಇಬ್ರಿಗೂ ಏಟು. ಈಗ ಅರವತ್ಮೂರಾಯ್ತು, ಇನ್ನೂ ನಾನೇ ಮಾತಾಡ್ಬೇಕು. ಆಗ್ಲಿ, ನಾನೇ ಮಾತಾಡ್ತೀನಿ.

ಭಾನುವಾರ ಸಂಘದ ಸಭೆ ಇದೆ, ಗೊತ್ತಲ್ಲ? ರೊಮಾನಾ ವಿಷಯಕ್ಕೇ. ಒಟ್ಮಾರ್‌ಗೆ ಇಷ್ಟ ಇಲ್ಲ ಪಾಪ, ಆದ್ರೆ ಅಧ್ಯಕ್ಷ ಅಂದ್ಮೇಲೆ ಮಾಡ್ಲೇಬೇಕು. ಬೇಟೆಯಲ್ಲಿ ನಾಯಿ ಸತ್ತಿದೆ. ನಾಯಿ ಬಿಲದಿಂದ ಈಚೆ ಬಂದ ಕೂಡ್ಲೇ, ಯಾರೂ ಹೊಡೀದೆ ಇರ್ಲಿ ಅಂತ ನಾಯಿ ಬಿಟ್ಟವರು ಕೂಗ್ಬೇಕು, ಆ ಹೊತ್ತಿಗೆ ಕೂಗ್ಲಿಲ್ಲ ಅಂತ ಆಗಿದೆ. ಮೂರು ವರ್ಷ ಅವಳು ನಾಯಿ ಹಿಡಿಯೋ ಹಾಗಿಲ್ಲ ಅಂತ ಬರೀತಾರೆ. ಬರೆಯೋಕೆ ಮುಂಚೆನೇ ಅವಳು ಸಂಘದ ಬಿಲ್ಲೆ ಬಿಚ್ಚಿ ಲಕೋಟೆಗೆ ಹಾಕಿ ಒಟ್ಮಾರ್ ಮನೆ ಬಾಗಿಲಲ್ಲಿ ತುರುಕಿ ಬಂದ್ಳಂತೆ? ...ಹೌದಾ. ಆ ಬಿಲ್ಲೆಗೆ ಎರಡು ಸಲ ಪರೀಕ್ಷೆ ಕಟ್ಟಿದ್ಳು ಅವಳು. ನಮ್ಮ ಸಂಘದಲ್ಲಿ ಮೊದಲನೇ ಹೆಂಗಸು. ಅವಳನ್ನ ಸೇರಿಸ್ಕೊಳ್ಳೋಕೆ ಮತ ಹಾಕಿದಾಗ ಅವಳ ಪರವಾಗಿ ಹಾಕಿದ್ದು ನಾನು, ನೆನಪಿರ್ಲಿ. ಬೇಕಾದ್ರೆ ಒಟ್ಮಾರ್‌ನ ಕೇಳು.

ಏನು? ಏನಂತ ತಲೆ ಆಡಿಸ್ತೀಯ?

ಅವಳು ಕೂಗ್ಲಿಲ್ಲ ಅಂತ ನಾನು ಹೇಳೇ ಇಲ್ಲ ಸೆವೆರಿನ್! ಯಾರ್ ಹೇಳಿದ್ದು ನಿಂಗೆ? ನಂಗೆ ಕೇಳಿಸ್ಲಿಲ್ಲ ಅಂದೆ. ಅಷ್ಟೇ ಅಂದಿದ್ದು. ಎರಡೂ ಬೇರೆ ಬೇರೆ ಅಲ್ವೇನೋ? ನನ್ನ ಕಿವಿ ವಿಷಯ ನಾನು ಹೇಳ್ಬಹುದು, ಅವಳ ಬಾಯಿ ವಿಷಯ ನಾನ್ಯಾಕೆ ಹೇಳ್ಲಿ? ಒಟ್ಮಾರ್‌ಗೆ ಹೇಗೂ ಕಿವುಡು. ಅವನ ಅಳಿಯ ಇದಾನಲ್ಲ, ಆ ಪೇಟೆ ಹುಡುಗ, ಅವನು ಕಿವಿಗೆ ಅದೇನೋ ಹೊಸ ಮುಚ್ಚಳ ಹಾಕ್ಕೊಂಡು ನಿಂತಿದ್ದ. ಉಳಿದೋರೆಲ್ಲ ಕೆರೆ ಏರಿಯಿಂದ ಆಚೆ, ಗಾಳಿಗೆ ಎದುರು. ಯಾರಿಗೂ ಕೇಳಿಸ್ಲಿಲ್ಲ ಅಂದ್ರೆ ಅದಕ್ಕೆ ನಾನೇನ್ ಮಾಡ್ಲಿ?

ಹೆರ್ಮಿನೆ ಮೊನ್ನೆ ಬೇಕರೀಲಿ ಅವಳನ್ನ ಕಂಡ್ಳಂತೆ. ಮೊದಲನೇ ದಿನ 'ನಾನು ಕೂಗಿದೆ, ಎರಡು ಸಲ ಕೂಗಿದೆ' ಅಂತ ಅಳ್ತಿದ್ದವಳು, ಮೊನ್ನೆ ಏನಂದ್ಳಂತೆ ಗೊತ್ತಾ? 'ಕೂಗಿದೆ ಅನ್ಕೊಂಡಿದೀನಿ ಆಂಟಿ, ಆದ್ರೆ ಕೂಗ್ಲಿಲ್ವೇನೋ.' ಹೆರ್ಮಿನೆ ಮನೆಗೆ ಬಂದು ಬ್ರೆಡ್ಡು ಟೇಬಲ್ ಮೇಲಿಟ್ಟು, 'ವೆನ್ಸೆಲ್, ಆ ಹುಡುಗಿಗೆ ತನ್ನ ಬಾಯಿ ಮೇಲೇ ನಂಬಿಕೆ ಇಲ್ಲದ ಹಾಗಾಗಿದೆ' ಅಂದ್ಳು. ಅಂದು ನನ್ನನ್ನೇ ನೋಡ್ತಾ ನಿಂತ್ಳು. ಆವತ್ತಿಂದ ನಿದ್ದೆ ಇಲ್ಲ ನಂಗೆ. ಕೂತ್ರೆ ಏಳ್ಬೇಕು ಅನ್ಸತ್ತೆ, ಎದ್ರೆ ಎಲ್ಲಿಗೆ ಹೋಗ್ಲಿ?

ಅದಕ್ಕೇ ಒಂದು ದಾರಿ ಹುಡುಕಿದೀನಿ. ಕೇಳು. ಪೂರ್ತಿ ಕೇಳಿ ಆಮೇಲೆ ಬೈಯಿ. ಅವಳ ತಪ್ಪೂ ಬೇಡ, ನನ್ನ ತಪ್ಪೂ ಬೇಡ. ಕೋವಿ ತಪ್ಪು ಅಂತ ಮಾಡೋಣ. ಹ್ಞಾ? ಕಬ್ಬಿಣ ಕಣೋ ಇದು, ಇದಕ್ಕೇನು ಅವಮಾನವಾ? ನೀನು ಇಡೀ ಜಿಲ್ಲೆಗೆ ಹೆಸರಾದ ಕೋವಿ ಮೇಸ್ತ್ರಿ. ನೀನೊಂದು ಕಾಗದ ಬರೆದು ಕೊಟ್ರೆ ಯಾರೂ ಎರಡನೇ ಮಾತಾಡಲ್ಲ. ರೊಮಾನಾ ಬಿಲ್ಲೆ ವಾಪಸ್ ಅವಳಿಗೆ. ಎಲ್ಲಾ ಮುಗೀತು.

...ಏನ್ ಕಾಗದ ಅಂತ ಕೇಳಲ್ವಾ?

ಬೇಡ, ಮೊದಲು ಕೋವಿ ನೋಡು. ತಗೋ. ಖಾಲಿ ಇದೆ, ಮೂರು ನಳಿಗೆನೂ ಖಾಲಿ. ನೀನೇ ಬಿಚ್ಚಿ ನೋಡ್ಕೋ. ಹಾಂ... ಬಿಚ್ಚೋ ಸದ್ದೇ ಚೆಂದ ಇದರದ್ದು. ನಮ್ಮಪ್ಪ ಕೋವಿ ಮಾಡೋರ ಊರು ಫೆರ್ಲಾಖಿಗೆ ರೈಲಲ್ಲಿ ಹೋಗಿ ಮಾಡಿಸ್ಕೊಂಡು ಬಂದಿದ್ದು. ಅಕ್ಕಪಕ್ಕ ಎರಡು ಚರೆ ನಳಿಗೆ, ಸಣ್ಣ ಕಾಳು ಚೆಲ್ಲೋಕೆ, ಅವುಗಳ ಕೆಳಗೆ ಗುಂಡಿನದ್ದು. ಆ ಪೇಟೆ ಅಳಿಯ ಕೇಳ್ತಾನೆ, 'ಮೂರು ನಳಿಗೆಗೆ ಎರಡೇ ಟ್ರಿಗರ್ ಯಾಕೆ ವೆನ್ಸೆಲ್ ಅವ್ರೇ?' ಅಂತ! ಬೇಟೆರಾಜ ಆಗೋಕೆ ಹೊರಟವನು ಕೇಳೋ ಪ್ರಶ್ನೆನಾ ಅದು? 'ಮುಂದಿನ ಟ್ರಿಗರ್‌ಗೆ ಎರಡು ಕೆಲಸ ಮಗನೇ' ಅಂದೆ. 'ಮೇಲೆ ಈ ಚಿಲಕ ಇದೆ ನೋಡು. ಹಿಂದಿದ್ರೆ ಚರೆ ಹಾರತ್ತೆ, ಮುಂದಕ್ಕೆ ತಳ್ಳಿದ್ರೆ ಗುಂಡು ಹಾರತ್ತೆ. ಚರೆ ಮೂವತ್ತು ನಲವತ್ತು ಹೆಜ್ಜೆಗೆ ಸುಸ್ತಾಗಿ ಉದುರತ್ತೆ, ಗುಂಡು ಪಕ್ಕದ ಊರಿನ ಇಗರ್ಜಿ ಗೋಡೆಗೆ ಹೋಗಿ ಕೂರತ್ತೆ. ಅದಕ್ಕೇ ಬೆರಳಿಗಿಂತ ಮುಂಚೆ ತಲೆ ಓಡಬೇಕು' ಅಂತ. ಹೌದು, ನಾನೇ ಹೇಳ್ದೆ. ಮಿರ್ಲಿ ಸತ್ತ ವಾರದಲ್ಲೇ ಹೇಳ್ದೆ.

ನರಿ ವಾರ ಅಂದ್ರೆ ನಂಗೆ ಮೊದಲಿಂದ ಮೈಯೆಲ್ಲ ಜುಮ್ ಅನ್ನತ್ತೆ ಕಣೋ. ಜನವರಿ ಕೊನೆ, ನರಿಗಳು ಜೋಡಿ ಹುಡುಕ್ಕೊಂಡು ಹಗಲಲ್ಲೇ ಓಡಾಡೋ ಕಾಲ. ಮೊಲ ಕಿರುಚೋ ಹಾಗೆ ಪೀಪಿ ಊದಿದ್ರೆ ಸಾಕು, ಹೊಲದ ಅಂಚಲ್ಲಿ ಕಿವಿ ಎದ್ದು ನಿಲ್ಲತ್ತೆ. ದೂರ ನಿಂತು ಅನುಮಾನದಲ್ಲಿ ನೋಡ್ತಿದ್ರೆ ಗುಂಡು, ನಂಬಿ ಕಾಲ ಹತ್ರ ಬಂದ್ರೆ ಚರೆ. ಎರಡಕ್ಕೂ ಒಂದೇ ಕೋವಿ! ಇದನ್ನ ಬಿಟ್ಟು ಬೇರೇದು ಕೈಗೆ ತಗೊಳ್ಳೋರಿಗೆ ಬುದ್ಧಿ ಇಲ್ಲ ಅಂತೀನಿ ನಾನು. ವಾರದಲ್ಲಿ ಎಲ್ರಿಗಿಂತ ಜಾಸ್ತಿ ನರಿ ಹೊಡೆದವನೇ ಬೇಟೆರಾಜ, ಒಂಬತ್ತು ವರ್ಷ ಅದು ನಾನೇ. ಒಂಬತ್ತು ವರ್ಷ ಊಟದ ಮನೇಲಿ ಮೇಜಿನ ತಲೆಭಾಗದ ಕುರ್ಚಿ ನಂದೇ. ಈ ಸಲ... ಈ ಸಲ ಶುಕ್ರವಾರ ಸಂಜೆಗೆ ನಂದು ಐದು, ಆ ಅಳಿಯಂದೂ ಐದು. ಪೇಟೆಯವನು! ರಾತ್ರಿ ಕಾಣೋ ದುರ್ಬೀನು, ಕಿವಿಗೆ ಮುಚ್ಚಳ, ಕೈ ಬಿಸಿ ಮಾಡೋ ಡಬ್ಬಿ! ಹಾಳಾಗ್ಲಿ ಬಿಡು. ಅದಲ್ಲ ವಿಷಯ.

ನೀನು ಆ ಶನಿವಾರ ಬಂದಿದ್ರೆ ಹೀಗಾಗ್ತಿರ್ಲಿಲ್ಲ ಸೆವೆರಿನ್. ಸೊಂಟ ಹಿಡ್ಕೊಂಡಿದೆ ಅಂತ ಮಗಳ ಕೈಲಿ ಮಿರ್ಲಿನ ಕೊಟ್ಟು ಕಳಿಸ್ದೆ. ನಿನ್ನ ದೂರ್ತಿಲ್ಲಪ್ಪ, ಸುಮ್ನೆ ಹೇಳ್ದೆ. ದೊಡ್ಡ ಕೆರೆ ಏರಿಯಲ್ಲಿ ಬಿಲ ಇದ್ದಿದ್ದು. ಕೆರೆ ಪೂರ್ತಿ ಹೆಪ್ಪುಗಟ್ಟಿತ್ತು, ಒಳ್ಳೇ ಬಿಸಿಲು. ಬೆಳಿಗ್ಗೆ ಒಟ್ಮಾರ್ ಟೋಪಿ ಹಿಡ್ಕೊಂಡು ಬಂದ, ಯಾವಾಗಿನ ಹಾಗೆ. ಬಿಲದ ಬೇಟೇಲಿ ಚರೆ ಮಾತ್ರ, ಗುಂಡು ಕೂಡದು, ಮೂರು ನಳಿಗೆ ಇರೋರೆಲ್ಲ ಗುಂಡಿನ ತೋಟಾ ಟೋಪಿಗೆ ಹಾಕಿ, ಊಟದ ಹೊತ್ತಿಗೆ ವಾಪಸ್. ಅವರಪ್ಪನ ಕಾಲದಿಂದ ಇರೋ ಪದ್ಧತಿ. ನಾನೂ ಹಾಕ್ದೆ. ಜೇಬಿಂದ ತೆಗೆದು ನಾಲ್ಕು ಹಾಕ್ದೆ, ಟಣ್ ಟಣ್ ಅಂತ. ಎಲ್ರೂ ನೋಡಿದಾರೆ.

ಆಮೇಲೆ ರೊಮಾನಾ ಮಿರ್ಲಿ ಕೊರಳ ಪಟ್ಟಿ ಬಿಚ್ಚಿ ಬಿಲದೊಳಗೆ ಬಿಟ್ಳು. ನಾನು ಎದುರು ದಡದಲ್ಲಿ, ಜೊಂಡಿನ ಪಕ್ಕ. ನನ್ನ ಎಡಕ್ಕೆ ಸ್ವಲ್ಪ ದೂರದಲ್ಲಿ ಆ ಅಳಿಯ. ನೆಲದೊಳಗಿಂದ ಮಿರ್ಲಿ ಬೊಗಳೋದು ಅಲ್ಲಿವರೆಗೂ ಕೇಳಿಸ್ತಿತ್ತು... ಅಂದ್ರೆ ಸಣ್ಣಗೆ. ಸಣ್ಣಗೆ ಕೇಳಿಸ್ತಿತ್ತು. ಹಾಗಂತ ಎಲ್ಲಾನೂ ಕೇಳಿಸತ್ತೆ ಅಂತಲ್ಲ. ನರಿ ಚಂಗನೆ ಹೊರಗೆ ಬಂತು, ಐಸ್ ಮೇಲೆ ಓಡ್ತು. ಹೊಡೆದೆ. ನರಿ ಬಿತ್ತು. ಅದರ ಹಿಂದೇನೇ ಮಿರ್ಲಿ ಇತ್ತು ಅಂತ ನಂಗೆ ಹೇಗೆ ಗೊತ್ತಾಗ್ಬೇಕು? ಚರೆ ಹರಡ್ಕೊಂಡು ಹೋಗತ್ತೆ, ನಾಲ್ಕು ಕಾಳು ಅದಕ್ಕೂ ತಗುಲಿರತ್ತೆ...

ಬೆರಳು ಯಾಕೆ ತೋರಿಸ್ತಿದೀಯ?

ಒಂದು. ಏನು ಒಂದು? ಬಾಯಿ ಬಿಟ್ಟು ಹೇಳೋ.

...ಓ.

ನೀನೇ ತೊಳೆದು ಹೂತಿದ್ದಾ? ರೊಮಾನಾ ಕೋಟಲ್ಲಿ ಸುತ್ಕೊಂಡು ಬಂದಿದ್ಳು, ಹಾಗೇ ಮಣ್ಣು ಮಾಡಿರ್ತೀಯ ಅಂದ್ಕೊಂಡಿದ್ದೆ. ತೊಳೆದೆಯಾ. ಹೌದು, ನೀನು ತೊಳೀದೆ ಇರ್ತೀಯಾ... ಒಂದೇ ತೂತು.

ಹನ್ನೆರಡು ದಿನದಿಂದ ಗೊತ್ತು ನಿಂಗೆ. ಗೊತ್ತಿದ್ದೂ ಸುಮ್ನೆ ಕೂತಿದ್ದೆ? ನಾನಾಗೇ ಬರ್ಲಿ ಅಂತಲಾ? ಸರಿ. ಸರಿ! ಗುಂಡು. ಗುಂಡೇ ಹಾರಿದ್ದು, ನರಿನ ತೂರಿ ಮಿರ್ಲಿಗೆ ತಗುಲಿದ್ದು. ಆ ಅಳಿಯ ಮುಚ್ಚಳ ತೆಗೆದು 'ಸದ್ದು ಬೇರೆ ಥರ ಇತ್ತಲ್ಲ' ಅಂದಾಗ 'ಐಸ್ ಮೇಲೆ ಹಾಗೇ ಕೇಳಿಸೋದು' ಅಂದೆ. ಹೇಳಿಬಿಟ್ಟೆ. ಒಂದು ಸಲ ಬಾಯಿಂದ ಬಿದ್ಮೇಲೆ ವಾಪಸ್ ತಗೊಳೋದು ಹೇಗೆ? ಅಷ್ಟು ಜನದ ಮುಂದೆ?

ಆದ್ರೆ ಬೇಕು ಅಂತ ಅಲ್ಲ ಸೆವೆರಿನ್! ಇದನ್ನೇ ಹೇಳೋಕೆ ಬಂದಿದ್ದು ನಾನು, ಇದೇ ಕಾಗದ! ಜೇಬಿನ ತೋಟಾ ಎಲ್ಲ ಟೋಪಿಗೆ ಹಾಕ್ದೆ, ನಳಿಗೇಲಿ ಇದ್ದಿದ್ದು ಮರ್ತೇ ಹೋಯ್ತು. ಮರೆವು. ವಯಸ್ಸಾಯ್ತು. ಅದು ನಂದೇ ತಪ್ಪು ಅಂತ ಇಟ್ಕೋ. ಆದ್ರೆ ಚಿಲಕ ಹಿಂದೇನೇ ಇತ್ತು. ಚರೆ ಕಡೆಗೇ ಇತ್ತು. ದೇವರಾಣೆ... ಆಣೆ ಬೇಡ, ಸುಮ್ನೆ ಹೇಳ್ತೀನಿ, ಹಿಂದೇನೇ ಇತ್ತು. ಕೋವಿ ಎತ್ತಿ ಭುಜಕ್ಕೆ ಕೊಟ್ಟಾಗ ತಾನಾಗೇ ಜಾರಿಬಿಡ್ತು ಮುಂದಕ್ಕೆ. ಒಳಗಿನ ಸ್ಪ್ರಿಂಗ್ ಸಡಿಲ ಆಗಿರ್ಬೇಕು. ಅಷ್ಟು ಬರೆದುಕೊಡು ಸಾಕು. 'ಚಿಲಕ ಸಡಿಲ ಇತ್ತು, ತಾನಾಗೇ ಜಾರತ್ತೆ.' ಒಂದೇ ಸಾಲು. ಕೆಳಗೆ ನಿನ್ನ ಮೊಹರು.

ಅಕ್ಟೋಬರ್‌ನಲ್ಲಿ ಈ ಕೋವಿ ರಿಪೇರಿಗೆ ನಿನ್ನ ಕೈಗೆ ಬಂದು ಹೋಗಿದೆ ಅಂತ ಎಲ್ರಿಗೂ ಗೊತ್ತು, ನಿಜ. ಯಾರಾದ್ರೂ ಏನಾದ್ರೂ ಅಂದಾರು. ಅನ್ನಲಿ ಬಿಡು! ಒಂದು ವಾರ ಅಂದ್ಕೋತಾರೆ. ನಲವತ್ತು ವರ್ಷದ ಹೆಸರು ನಿಂದು, ಒಂದು ಸ್ಪ್ರಿಂಗಿಗೆ ಹೋಗ್ಬಿಡತ್ತಾ? ಮಗಳಿಗೋಸ್ಕರ ಅಷ್ಟೂ ಮಾಡಲ್ವಾ?

...ಆ ಮಾತು ಬಿಡು. ಬಾಯಿತಪ್ಪಿ ಬಂತು.

ನೋಡ್ತೀಯಾ? ನೋಡು ನೋಡು. ಕನ್ನಡಕ ಹಾಕ್ಕೊಂಡೇ ನೋಡು. ಹಿಂದಕ್ಕೆ ಎಳೆದೆಯಾ, ಹಾಂ. ಈಗ ಅಲ್ಲಾಡಿಸು. ...ಇನ್ನೂ ಜೋರಾಗಿ. ಯಾವಾಗ್ಲೂ ಜಾರಲ್ಲ ಅದು, ಒಂದೊಂದು ಸಲ. ಹಿಡಿಗೆ ತಟ್ಟಿ ನೋಡು. ಅಯ್ಯೋ ಅಷ್ಟು ಜೋರಾಗಿ ತಟ್ಟಬೇಡ್ವೋ, ನಮ್ಮಪ್ಪನ ಕಾಲದ ಆಕ್ರೋಟ್ ಮರ! ...ಜಾರ್ಲಿಲ್ಲ. ನೆಲಕ್ಕೆ ಕುಟ್ಟು. ...ಜಾರ್ಲಿಲ್ವಾ. ಚಳಿ! ಆವತ್ತು ಚಳಿ ಇತ್ತು, ಮೈನಸ್ ಒಂಬತ್ತು. ಎಣ್ಣೆ ಹೆಪ್ಪುಗಟ್ಟಿ ಏನಾದ್ರೂ... ಹೆಪ್ಪುಗಟ್ಟಿದ್ರೆ ಬಿಗಿಯಾಗ್ಬೇಕಿತ್ತು ಅಂತೀಯ. ಅಂದಿಲ್ಲ ನೀನು, ಆದ್ರೆ ಮುಖ ಹಾಗೆ ಮಾಡ್ದೆ.

ನೀನು ಹಾಗೆ ಒಂದೇ ಸಮನೆ ಟಕ್ ಟಕ್ ಅನ್ನಿಸ್ಬೇಡ ಮಾರಾಯ. ತಲೆ ಕೆಡತ್ತೆ.

ಒಂದು ವಿಷಯ ಹೇಳ್ಲಾ? ಯಾರಿಗೂ ಹೇಳಿಲ್ಲ. ಆವತ್ತು ಎಲ್ಲಾ ಮುಗಿದ್ಮೇಲೆ ಸತ್ತ ನರಿಗಳನ್ನ ಸಾಲಾಗಿ ಮಲಗಿಸಿದ್ರಲ್ಲ, ಕೊಂಬು ಊದಿದ್ರು. ಒಟ್ಮಾರ್ ಫರ್ ಮರದ ಟೊಂಗೆ ಮುರಿದು, ನರಿ ರಕ್ತಕ್ಕೆ ಮುಟ್ಟಿಸಿ, ಟೋಪಿ ಮೇಲಿಟ್ಟು ನನ್ನ ಮುಂದೆ ಹಿಡಿದ. 'ಆರನೇದು ವೆನ್ಸೆಲ್, ಈ ಸಲಾನೂ ನೀನೇ ರಾಜ' ಅಂದ. ಸಣ್ಣ ದನಿಯಲ್ಲೇ ಅಂದ, ಅವನಿಗೂ ಸಂಕಟ. ಈಗ ನಾನೇನು ಮಾಡ್ಬೇಕು? ನಾಯಿ ಹೊರಡಿಸಿದ ನರಿ ಅಂದ್ಮೇಲೆ ಟೊಂಗೇಲಿ ಒಂದು ಚೂರು ಮುರಿದು ನಾಯಿಯವರ ಕೈಗೆ ಕೊಡ್ಬೇಕು, ಅವರು ಅದನ್ನ ನಾಯಿ ಕೊರಳಿಗೆ ಸಿಕ್ಕಿಸ್ತಾರೆ. ನಲವತ್ತು ವರ್ಷದಿಂದ ಮಾಡಿದೀನಿ. ರೊಮಾನಾ ನನ್ನೆದುರಿಗೇ ನಿಂತಿದ್ಳು, ತೋಳಲ್ಲಿ ಕೋಟು, ಕೋಟಲ್ಲಿ ಮಿರ್ಲಿ. ಕೈ ಚಾಚಿದ್ಳು ಕಣೋ! ಅಳ್ತಾನೇ ಕೈ ಚಾಚಿದ್ಳು. ಪದ್ಧತಿ ಬಿಡ್ಬಾರ್ದಲ್ಲ ಅಂತ. ನಿನ್ನ ಮಗಳು ಅದು.

ನಂಗೆ ಮುರಿಯೋಕೆ ಆಗ್ಲಿಲ್ಲ. ಇಷ್ಟು ಟೊಂಗೆ! ಇಡೀದನ್ನೇ ನನ್ನ ಟೋಪಿಗೆ ಸಿಕ್ಕಿಸ್ಕೊಂಡು ಆ ಕಡೆ ತಿರುಗಿಬಿಟ್ಟೆ. ಅವಳು ಏನಂದ್ಕೊಂಡ್ಳು ಗೊತ್ತಾ? ನಾನು ಅವಳ ಮೇಲೆ ಸಿಟ್ಟಾಗಿದೀನಿ ಅಂದ್ಕೊಂಡ್ಳು. 'ಕ್ಷಮಿಸಿ ವೆನ್ಸೆಲ್ ಮಾಮ' ಅಂದ್ಳು. ನನ್ನ ಹತ್ರ! ಅವಳು!

ನೀರು ಕೊಡ್ತೀಯಾ ಸ್ವಲ್ಪ? ...ಬೇಡ, ಏಳಬೇಡ. ಇರ್ಲಿ.

ಯಾಕೆ ಎದ್ದೆ? ಏನು, ನಾನು ಹಿಡೀಬೇಕಾ? ಭುಜಕ್ಕೆ ಕೊಟ್ಟಾ? ಯಾಕೋ? ಖಾಲಿ ಕೋವಿ ಹಿಡಿದು ಗೋಡೆಗೆ ಗುರಿ ಇಡೋಕೆ ನಾನೇನು ಮಗುವಾ... ಸರಿ ಸರಿ, ಕೊಡು. ಹಿಡಿದೆ. ಕೆನ್ನೆ ಒತ್ತಿದೆ. ಆಯ್ತಾ? ನಳಿಗೆ ಉದ್ದಕ್ಕೂ ನೋಡ್ತಿದೀನಿ, ಸಪಾಟಾಗಿದೆ, ತುದೀಲಿ ಮಣಿ ಕಾಣ್ತಿದೆ. ಅಷ್ಟೇ. ಚರೆಗೆ ಅಷ್ಟು ಸಾಕಲ್ಲ. ಈಗೇನು, ನೀನು ಚಿಲಕ ತಳ್ತೀಯಾ? ತಳ್ಳು.

...

ಎದ್ದು ನಿಲ್ತು.

ಹೌದು. ಚಿಲಕ ಮುಂದೆ ಹೋದ್ರೆ ಗುರಿ ತಗಡು ತಾನಾಗೇ ಎದ್ದು ನಿಲ್ಲತ್ತೆ. ಗುಂಡಿಗೆ ಗುರಿ ಇಡೋಕೆ. ಕಣ್ಣೆದುರಿಗೇ. ಅಕ್ಟೋಬರ್‌ನಲ್ಲಿ ಅದನ್ನೇ ಮಾಡಿಸ್ಕೊಂಡು ಹೋಗಿದ್ದು ನಾನು... 'ತಗಡು ಸರಿಯಾಗಿ ಏಳ್ತಿಲ್ಲ ಸೆವೆರಿನ್, ಕಣ್ಣೂ ಮಂಜು, ಒಂದು ಬಿಳಿ ಗೆರೆ ಹಾಕ್ಕೊಡು' ಅಂತ. ಹಾಕಿಕೊಟ್ಟೆ. ಚೆನ್ನಾಗೇ ಕಾಣತ್ತೆ. ಹೂಂ. ಚೆನ್ನಾಗಿ ಕಾಣತ್ತೆ.

ಆವತ್ತು ಎದ್ದಿರ್ಲಿಲ್ವೇನೋ... ಚಿಲಕ ಜಾರಿದ್ರೂ ತಗಡು ಮಾತ್ರ ಅಲ್ಲೇ...

ಏನಾದ್ರೂ ಅನ್ನೋ ಸೆವೆರಿನ್! ಬೈಯೋ! ಒಂದೇಟು ಹೊಡಿ, ನಿಂತಿದೀನಲ್ಲ! ಹೀಗೆ ಸುಮ್ನೆ ನನ್ನ ಮುಖ ನೋಡ್ತಾ ನಿಂತ್ಕೋಬೇಡ... ಎಷ್ಟೊತ್ತು ನೋಡ್ತೀಯ?

ಕೋವಿ ತಗೋ ಮೊದಲು.

ನಾನೇ ತಳ್ಳಿದ್ದು. ಹೆಬ್ಬೆರಳಲ್ಲಿ. ನಳಿಗೇಲಿ ಗುಂಡು ಮರ್ತಿರ್ಲಿಲ್ಲ, ಬೇಕು ಅಂತಲೇ ಬಿಟ್ಟಿದ್ದೆ. ಟಣ್ ಟಣ್ ಅಂತ ನಾಲ್ಕು ಹಾಕಿದ್ರೆ ಐದನೇದು ಯಾರು ಕೇಳ್ತಾರೆ? ನರಿ ನನ್ನ ಕಡೆಗೇ ಬರ್ತಿತ್ತು. ಇನ್ನೂ ಎಪ್ಪತ್ತು ಹೆಜ್ಜೆ ದೂರ. ಕಾಯಬೇಕಿತ್ತು. ನಲವತ್ತಕ್ಕೆ ಬರೋವರೆಗೆ ಕಾಯಬೇಕಿತ್ತು. ಅಷ್ಟರಲ್ಲಿ ಅದು ಎಡಕ್ಕೆ ವಾಲ್ತು ಕಣೋ, ಆ ಅಳಿಯನ ಕಡೆಗೆ. ಅವನು ಹೊಡೆದಿದ್ರೆ ಅವನಿಗೆ ಆರು. ಅಷ್ಟೇ. ಇಷ್ಟಕ್ಕೇ... ಒಂದು ನರಿಗೆ, ಒಂದು ಕುರ್ಚಿಗೆ.

ತಗಡು ಎದ್ದಿತ್ತು, ಬಿಳಿ ಗೆರೆ ಕಂಡೆ. ಗೆರೆ ಮೇಲೆ ಮಣಿ ಕೂತಿತ್ತು. ಮಣಿ ಮೇಲೆ ನರಿ ಎದೆ. ಅದರ ಹಿಂದೆ ಮಿರ್ಲಿ ಕಿವಿ ಎರಡೂ ಮೇಲೆ ಕೆಳಗೆ ಹಾರ್ತಿದ್ವು, ಅದನ್ನೂ ಕಂಡೆ. ಗುಂಡು ನರಿಯೊಳಗೇ ಉಳಿಯತ್ತೆ ಅಂತ ಹೇಳ್ಕೊಂಡೆ, ಉಳಿಯಲ್ಲ ಅಂತ ಗೊತ್ತಿದ್ದೂ ಹೇಳ್ಕೊಂಡೆ. ಮತ್ತೆ ಅದೇ ಗೆರೇಲಿ... ಸೆವೆರಿನ್, ಅದೇ ಗೆರೇಲಿ ಹಿಂದೆ ಏರಿ ಮೇಲೆ ನಿನ್ನ ಮಗಳು ನಿಂತಿದ್ಳು. ಬಾಯಿಗೆ ಎರಡೂ ಕೈ ಅಡ್ಡ ಇಟ್ಕೊಂಡಿದ್ಳು. ಒಂದು ಗೇಣು ಮೇಲಾಗಿದ್ರೆ... ಆ ಯೋಚನೆ ಬಂದ್ರೆ ಮನೇಲಿ ನಿಲ್ಲೋಕಾಗಲ್ಲ ನಂಗೆ, ಹೊಲಕ್ಕೆ ಹೋಗ್ತೀನಿ, ಅಲ್ಲೂ ನಿಲ್ಲೋಕಾಗಲ್ಲ.

ಎಲ್ಲಿಗೆ ಹೊರಟೆ? ಆ ಬಾಗಿಲು ಯಾಕೆ ತೆಗೀತೀಯ? ಬೇಡ ಕಣೋ... ಭಾನುವಾರ ಸಭೇಲೇ ಹೇಳ್ತೀನಿ, ಎಲ್ರ ಮುಂದೆ ಹೇಳ್ತೀನಿ, ಪರವಾನಗೀನೂ ಕಿತ್ಕೊಳ್ಳಿ. ಇವತ್ತು ಬೇಡ. ಅವಳ ಮುಖ ನೋಡೋಕೆ... ಸೆವೆರಿನ್...

ಸರಿ. ಕರಿ.

...ಬಾ ತಾಯಿ. ಕೈ ಒರೆಸ್ಕೋ, ಪರವಾಗಿಲ್ಲ, ಹಾಗೇ ಬಾ. ಇಲ್ಲ, ನಿಮ್ಮಪ್ಪ ಏನೂ ಅಂದಿಲ್ಲ, ನಿಮ್ಮಪ್ಪ ಒಂದು ಮಾತೂ ಆಡಿಲ್ಲ. ನಿನ್ನ ಹತ್ರ ಒಂದು ಹೇಳೋದಿದೆ. ನೀನು ಕೂಗಿದ್ದೆ ರೊಮಾನಾ. 'ನಾಯಿ ಹೊರಗೆ' ಅಂತ ಎರಡು ಸಲ ಕೂಗಿದೆ. ಮೊದಲನೇ ಸಲಕ್ಕೇ ನಂಗೆ ಕೇಳಿಸಿತ್ತು.